ಆ ನಾಲ್ಕು ಜನ ಯಾರು?

"ನಾಲ್ಕು ಜನ ನೋಡಿದ್ರೆ ಏನಂದ್ಕೊಂಡಾರು?" ಈ ಒಂದು ಮಾತಿಗೆ ಹೆದರಿ ನಮ್ಮ ದಾವಣಗೆರೆಯಲ್ಲಿ ಎಷ್ಟು ಸಂಬಂಧ ಮುರಿದಿವೆ, ಎಷ್ಟು ಮನೆಗಳ ಮೇಲೆ ಬೇಡದ ಮಹಡಿ ಎದ್ದಿದೆ, ಎಷ್ಟು ಜನ ಸೊಸೈಟಿಯಲ್ಲಿ ಸಾಲ ಎತ್ತಿ ದುಗ್ಗಮ್ಮನ ಜಾತ್ರೆ ಮಾಡಿದ್ದಾರೆ ಅಂತ ಲೆಕ್ಕ ಇಟ್ಟವರಿಲ್ಲ. ಪಕ್ಕದ ಮನೆ ಯಜಮಾನರು ಗೋಡೆಗೆ ಹೊಸ ಬಣ್ಣ ಹೊಡೆಸಲು ಹೊರಟಿದ್ದೂ ಈ ನಾಲ್ವರ ಸಲುವಾಗಿಯೇ. ಹಳೇ ಬಣ್ಣ ಇನ್ನೂ ನಾಲ್ಕು ಮಳೆಗಾಲ ತಡೆಯುತ್ತಿತ್ತು. ಅಲ್ಲ, ಈ ನಾಲ್ಕು ಜನ ಯಾರು, ಎಲ್ಲಿರುತ್ತಾರೆ, ಅವರಿಗೆ ಮನೆ ಮಠ ಇಲ್ಲವೇ ಅಂತ ಕಾಂಪೌಂಡ್ ಗೋಡೆ ಮೇಲೆ ಮೊಣಕೈ ಊರಿ ಕೇಳಿದೆ.

"ಕೊನೀಗೆ ಹೆಗಲು ಕೊಡಾಕೆ ಬರೋರು ನಾಲ್ಕು ಜನ ಅಲ್ರೀ ಮೇಷ್ಟ್ರೇ. ಅವರನ್ನ ಈಗ್ಲೇ ಎದುರು ಹಾಕ್ಕೊಂಡ್ರೆ ಆಮೇಲೆ ಹೊರೋರು ಯಾರು?" ಅಂದರು ಯಜಮಾನರು.

ಇವರ ಹುಟ್ಟೂರು ಹರಿಹರ. ಅಲ್ಲಿನ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ನಡೆಸಿದವರು. ಈಗ ಮಗನ ಜೊತೆ ದಾವಣಗೆರೆಯಲ್ಲಿದ್ದಾರೆ, ಮನಸ್ಸು ಮಾತ್ರ ಇನ್ನೂ ಹೊಳೆ ದಂಡೆ ಬಿಟ್ಟು ಬಂದಿಲ್ಲ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದವನು. ನನ್ನ ಮೊಮ್ಮಗಳು ಬಿ.ಎ.ಗೆ ಮನಶ್ಶಾಸ್ತ್ರ ತಗೊಂಡಿದ್ದಾಳೆ. ಅವಳ ಪುಸ್ತಕವನ್ನು ಅವಳಿಗಿಂತ ಹೆಚ್ಚಾಗಿ ನಾನೇ ಓದುತ್ತಿರುವುದರಿಂದ ಸಂಜೆ ಹೊತ್ತು ಗೋಡೆಯ ಆಚೆ ಈಚೆ ನಮಗೆ ಮಾತಿಗೆ ಬರ ಇಲ್ಲ.

ಈ ನಾಲ್ಕು ಜನರನ್ನು ನಿಜಕ್ಕೂ ಎಣಿಸಿ ನೋಡಿದ ಒಬ್ಬ ಪುಣ್ಯಾತ್ಮ ಇದ್ದಾನೆ. ಹೆಸರು ಸಾಲಮನ್ ಆಶ್, ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕ ಸೇರಿದವನು. 1951ರಲ್ಲಿ ಪ್ರಕಟವಾದ ಅವನ ಪರೀಕ್ಷೆ ಒಂದನೇ ಕ್ಲಾಸಿನ ಮಗುವೂ ಪಾಸಾಗುವಂಥದ್ದು. ಒಂದು ಕಾರ್ಡಿನ ಮೇಲೆ ಒಂದು ಗೆರೆ. ಇನ್ನೊಂದರ ಮೇಲೆ ಮೂರು ಗೆರೆ. ಮೊದಲಿನದರಷ್ಟೇ ಉದ್ದದ್ದು ಯಾವುದು ಹೇಳಿ, ಅಷ್ಟೇ. ಕೋಣೆಯಲ್ಲಿ ಏಳೆಂಟು ಹುಡುಗರು. ಅವರಲ್ಲಿ ಒಬ್ಬ ಮಾತ್ರ ಅಸಲಿ, ಉಳಿದವರೆಲ್ಲ ಮೊದಲೇ ಹೇಳಿಕೊಟ್ಟು ಕೂರಿಸಿದವರು. ಅವರು ಒಬ್ಬರ ಹಿಂದೆ ಒಬ್ಬರು, ಮುಖ ಗಂಟಿಕ್ಕದೆ, ತಪ್ಪು ಗೆರೆಯನ್ನೇ ಸರಿ ಅನ್ನುತ್ತಾರೆ. ಕೊನೆಗೆ ಈ ಬಡಪಾಯಿಯ ಸರದಿ. ಒಬ್ಬನೇ ಕೂತರೆ ನೂರಕ್ಕೆ ಒಂದು ಸಲವೂ ತಪ್ಪದವನು ಅಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಗುಂಪಿನ ತಪ್ಪನ್ನೇ ಒಪ್ಪಿದ. ಒಂದು ಸಲವಾದರೂ ಜಾರಿದವರು ನಾಲ್ಕರಲ್ಲಿ ಮೂವರು.

ಆಮೇಲೆ ಆಶ್ ಎದುರಿನ ಗುಂಪನ್ನು ಚಿಕ್ಕದು ದೊಡ್ಡದು ಮಾಡಿ ನೋಡಿದ. ಎದುರಿಗೆ ಒಬ್ಬನೇ ಇದ್ದರೆ ಯಾರೂ ಕ್ಯಾರೇ ಅನ್ನಲಿಲ್ಲ. ಇಬ್ಬರಾದರೆ ಸ್ವಲ್ಪ ಅಲುಗಾಟ. ಮೂವರಾದರೆ ಪೂರಾ ಒತ್ತಡ. ನಾಲ್ಕರಿಂದಾಚೆ ಹದಿನೈದು ಜನರ ತನಕ ಕೂರಿಸಿದರೂ ಒತ್ತಡ ಹೇಳಿಕೊಳ್ಳುವಷ್ಟು ಏರಲಿಲ್ಲ. ಅಂದರೆ ನಮ್ಮನ್ನು ಬಗ್ಗಿಸಲು ಊರೇ ಬರಬೇಕಾಗಿಲ್ಲ, ಮೂರು ನಾಲ್ಕು ಜನ ಸಾಕು. ನಮ್ಮ ಅಜ್ಜಿಯರು ಕಾರ್ಡು ಗೀರ್ಡು ಇಲ್ಲದೆ ಈ ಲೆಕ್ಕವನ್ನು ಅದೆಲ್ಲಿಂದ ಹಿಡಿದರೋ!

"ಅಲ್ರೀ, ಗೆರೆ ಕಣ್ಣಿಗೆ ಕಾಣಾಕತ್ತೈತಿ. ಇದ್ದಿದ್ದು ಇದ್ದಂಗೆ ಹೇಳಾಕೆ ಏನು ಧಾಡಿ?" ಅಂದರು ಯಜಮಾನರು. ಹೀಗೆ ಕೇಳುವ ಹಕ್ಕು ಅವರಿಗಿದೆ. ಅದು ಗಣಪತಿ ಪಟ್ಟಿಯ ಕಥೆ.

ನಮ್ಮ ಬೀದಿ ಹುಡುಗರು ಆಶ್‌ನನ್ನು ಓದಿಲ್ಲ. ಆದರೂ ಪಟ್ಟಿ ಎತ್ತಲು ಬರುವಾಗ ಖಾಲಿ ಹಾಳೆ ಹಿಡಿದು ಬಂದದ್ದಿಲ್ಲ. ಮೊದಲು ಕಂಟ್ರಾಕ್ಟರ್ ಮನೆ, ಆಮೇಲೆ ಡಾಕ್ಟರ ಮನೆ, ಆಮೇಲೆ ದಲಾಲಿ ಅಂಗಡಿ ಸಾಹುಕಾರರ ಮನೆ. ಮೇಲಿನ ನಾಲ್ಕು ಸಾಲಿನಲ್ಲಿ ಸಾಲಾಗಿ 1001, 1001. ಆಮೇಲೆ ಆ ಹಾಳೆ ನಮ್ಮ ಮುಂದೆ ಬಿಚ್ಚಿಕೊಳ್ಳುತ್ತದೆ. ಹುಡುಗರು ಏನೂ ಕೇಳುವುದಿಲ್ಲ. "ನಿಮ್ಮ ಮನಸ್ಸಿಗೆ ಬಂದಷ್ಟು ಬರೀರಿ ಸಾರ್" ಅನ್ನುತ್ತಾರೆ. ಮನಸ್ಸು ಅನ್ನುವುದು ಆಗ ಆ ನಾಲ್ಕು ಸಾಲುಗಳ ಕೆಳಗೆ ಕೈಕಟ್ಟಿ ನಿಂತಿರುತ್ತದೆ. ಹಿಂದೊಂದು ವರ್ಷ ಐದನೇ ಸಾಲು ಯಜಮಾನರ ಪಾಲಿಗೆ ಬಂತು. ಕನ್ನಡಕ ಏರಿಸಿ, ಗುಂಡಗೆ, ಎಲ್ಲರಿಗೂ ಕಾಣುವ ಹಾಗೆ 101 ಅಂತ ಬರೆದರು. ಅಲ್ಲಿಂದ ಬೀದಿ ಕೊನೆ ತನಕ 101, 151, ಮತ್ತೆ 101. ಮರುವರ್ಷದಿಂದ ಹುಡುಗರು ಯಜಮಾನರ ಮನೆಗೆ ಎಲ್ಲರಿಗಿಂತ ಕೊನೆಗೆ ಹೋಗುತ್ತಾರೆ.

ಆಶ್ ಕೂಡ ಇದನ್ನು ಕಂಡಿದ್ದ. ಕೂರಿಸಿದವರಲ್ಲಿ ಒಬ್ಬನಿಗೆ ಮಾತ್ರ ಸರಿ ಉತ್ತರ ಹೇಳು ಅಂತ ಹೇಳಿಕೊಟ್ಟ. ಜೊತೆಗೆ ಒಬ್ಬ ಸಿಕ್ಕಿದ್ದೇ ತಡ, ಗುಂಪಿನ ಬಲ ಕಾಲು ಭಾಗಕ್ಕೆ ಇಳಿಯಿತು. ಇದಕ್ಕೊಂದು ಬಾಲಂಗೋಚಿಯೂ ಇದೆ. 1971ರಲ್ಲಿ ಇನ್ನಿಬ್ಬರು ಸಂಶೋಧಕರು ಈ ಜೊತೆಗಾರನಿಗೆ ದಪ್ಪ ಗಾಜಿನ ಕನ್ನಡಕ ಹಾಕಿಸಿ, ಇವನಿಗೆ ಸರಿಯಾಗಿ ಕಣ್ಣು ಕಾಣದು ಅಂತ ಎಲ್ಲರಿಗೂ ತಿಳಿಯುವ ಹಾಗೆ ಮಾಡಿದರು. ನೋಟದ ಪರೀಕ್ಷೆಯಲ್ಲಿ ಕುರುಡನ ಸಾಕ್ಷಿ! ಆದರೂ ಅಷ್ಟರಮಟ್ಟಿಗೆ ಧೈರ್ಯ ಬಂತು. ನನಗೆ ಇಡೀ ಪುಸ್ತಕದಲ್ಲಿ ಹಿಡಿಸಿದ್ದು ಇದೊಂದು. ಗುಂಪು ಒಡೆಯಲು ಬುದ್ಧಿವಂತನೇ ಬೇಕೆಂದಿಲ್ಲ, "ನಂಗ್ಯಾಕೋ ಹಂಗೆ ಕಾಣಲಿಲ್ಲಪ್ಪ" ಅನ್ನುವವನೊಬ್ಬ ಇದ್ದರೆ ಆಯಿತು. ಯಜಮಾನರ ಕನ್ನಡಕವೂ ಸೋಡಾ ಬಾಟಲಿ ತಳದಷ್ಟು ದಪ್ಪ ಅನ್ನುವುದನ್ನು ಅವರ ಮುಂದೆ ನಾನು ಎತ್ತಲಿಲ್ಲ.

"ಜನ ಅಂದ್ರೆ ಕುರಿ ಕಣ್ರೀ" ಅನ್ನುವುದು ಯಜಮಾನರ ಖಾಯಂ ಮಾತು. ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆಗೆ ಕಾಯುತ್ತಾ ನಿಂತಾಗಲೂ ಇದನ್ನೇ ಹೇಳಿದರು. ಪಕ್ಕದ ಹೋಟೆಲು ಖಾಲಿ ಹೊಡೆಯುತ್ತಿತ್ತು. ನಾವಿದ್ದ ಕಡೆ ಜನ ರಸ್ತೆಗೆ ಇಳಿದಿದ್ದರು. ಇಲ್ಲೇ ಯಾಕೆ ಬಂದಿರಿ ಅಂತ ಕೇಳಿದರೆ, "ಅಲ್ಲಿ ಒಬ್ಬರೂ ಇಲ್ವಲ್ರೀ" ಅಂದರು. ಆ ಸಾಲಿನಲ್ಲಿದ್ದ ಎಲ್ಲರೂ ಹಾಗೇ ಯೋಚಿಸಿದವರು. ಎಲ್ಲರಿಗೂ ಉಳಿದವರು ಕುರಿ, ತಾನೊಬ್ಬ ಮಾತ್ರ ರುಚಿ ನೋಡಿ ಬಂದವನು.

ಆದರೆ ಇದನ್ನು ಪೂರ್ತಿ ದಡ್ಡತನ ಅನ್ನಲಾರೆ. ಊರಿಗೆ ಹೊಸಬನೊಬ್ಬ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಅನ್ನಿ. ಅವನಿಗೆ ಯಾವ ದೋಸೆ ಅಸಲಿ ಅಂತ ಯಾವ ಬೋರ್ಡೂ ಹೇಳಲಾರದು, ಎಲ್ಲ ಬೋರ್ಡೂ ಅದನ್ನೇ ಹೇಳುತ್ತವೆ. ಜನ ಇರುವ ಕಡೆ ಕಾವಲಿ ಆರಿರುವುದಿಲ್ಲ, ಬೆಣ್ಣೆ ಹಳಸಿರುವುದಿಲ್ಲ. ಗೊತ್ತಿಲ್ಲದಾಗ ನಾಲ್ಕು ಜನರನ್ನು ನೋಡಿ ನಡೆಯುವುದು ಬುದ್ಧಿ. ಗೊತ್ತಿದ್ದೂ ನಾಲ್ಕು ಜನರಿಗಾಗಿ ಗೆರೆ ಉದ್ದ ಬದಲಿಸುವುದು ಅಳುಕು. ಪುಸ್ತಕದವರು ಈ ಎರಡನ್ನೂ ಬೇರೆ ಬೇರೆ ಇಡುತ್ತಾರೆ, ಒಳ್ಳೆಯ ಕೆಲಸ. ತೊಂದರೆ ಏನೆಂದರೆ, ಸಾಲಿನ ಮೊದಲ ನಾಲ್ಕು ಜನ ಹರಿಹರದ ಬಸ್ಸಿಗೆ ಕಾಯುತ್ತಿದ್ದವರೂ ಆಗಿರಬಹುದು.

1969ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಮತ್ತು ಅವನ ಜೊತೆಗಾರರು ಪ್ರಕಟಿಸಿದ ಒಂದು ಪ್ರಯೋಗ ನಮ್ಮೂರಿನಲ್ಲೇ ನಡೆದಂತಿದೆ. ನ್ಯೂಯಾರ್ಕಿನ ಜನ ಓಡಾಡುವ ಬೀದಿಯಲ್ಲಿ ಒಬ್ಬನನ್ನು ನಿಲ್ಲಿಸಿ, ಎದುರಿನ ಕಟ್ಟಡದ ಆರನೇ ಮಹಡಿ ಕಿಟಕಿ ನೋಡುತ್ತಿರು ಅಂದರು. ಅಲ್ಲಿ ನೋಡುವಂಥದ್ದು ಏನೂ ಇಲ್ಲ. ದಾರಿಹೋಕರಲ್ಲಿ ನೂರಕ್ಕೆ ನಾಲ್ಕು ಜನ ಅವನ ಜೊತೆ ನಿಂತರು. ಹದಿನೈದು ಜನರನ್ನು ನಿಲ್ಲಿಸಿದಾಗ ನೂರಕ್ಕೆ ನಲವತ್ತು ಜನ ನಿಂತರು, ಎಂಬತ್ತಾರು ಜನ ಕತ್ತೆತ್ತಿದರು. 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ನಮ್ಮ ಊರಿನ ಹೆಸರು ಬಂತಲ್ಲ, ಆಮೇಲೆ ಇಲ್ಲಿ ಇಂಥ ಪ್ರಯೋಗಕ್ಕೆ ಕಿಟಕಿಯೂ ಬೇಕಾಗಲಿಲ್ಲ. ಜೆಸಿಬಿ ಒಂದು ಗುಂಡಿ ತೋಡಲು ನಿಂತರೆ ಸಾಕು, ಸೈಕಲ್ ಇಳಿದು ನೋಡುವವರು, ಬೈಕಿನ ಮೇಲೆ ಕಾಲೂರಿ ನೋಡುವವರು, ಟಿಫಿನ್ ಡಬ್ಬಿ ಹಿಡಿದುಕೊಂಡೇ ನೋಡುವವರು. ಗುಂಡಿಯಲ್ಲಿ ಮಣ್ಣು ಬಿಟ್ಟು ಬೇರೇನೂ ಬಂದದ್ದು ನಾನಂತೂ ಕಂಡಿಲ್ಲ. ಪೂರ್ತಿ ನಿಂತು ನೋಡಿದ್ದೇನೆ.

ಗುಂಪು ಸೇರಿದರೆ ಕೈ ಯಾಕೆ ಸೋಮಾರಿ ಆಗುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಫ್ರಾನ್ಸಿನಲ್ಲಿ ರಿಂಗೆಲ್ಮನ್ ಅಂತ ಒಬ್ಬ ಕೃಷಿ ಇಂಜಿನಿಯರು. ಹಗ್ಗ ಎಳೆಯುವವರ ಬಲ ಅಳೆದು 1913ರಲ್ಲಿ ಪ್ರಕಟಿಸಿದ. ಎಂಟು ಜನ ಸೇರಿ ಎಳೆದರೆ ತಲೆಗೆ ಬೀಳುವ ಬಲ, ಒಬ್ಬನೇ ಎಳೆದಾಗಿನ ಅರ್ಧದಷ್ಟು. ಕಾಲು ಹೆಜ್ಜೆ ಹೊಂದದೆ ಕಳೆದುಹೋದದ್ದು ಸ್ವಲ್ಪ, ಉಳಿದದ್ದು ಬರೀ ಮೈಗಳ್ಳತನ. ರಾಜ ಕೊಳಕ್ಕೆ ಹಾಲು ಹಾಕಿ ಅಂದಾಗ ಎಲ್ಲರೂ ಕತ್ತಲಲ್ಲಿ ನೀರು ಸುರಿದ ಕಥೆ ನಮಗೆ ಮೊದಲೇ ಗೊತ್ತು, ಅದಕ್ಕೆ ಫ್ರಾನ್ಸ್ ಬೇಕಾಗಿರಲಿಲ್ಲ. ಇದನ್ನು ಹೇಳಿದಾಗ ಯಜಮಾನರು ಹರಿಹರೇಶ್ವರನ ತೇರನ್ನು ನೆನಪಿಸಿಕೊಂಡರು. "ಮಿಣಿ ಹಿಡಿಯೋರು ಸಾವಿರ, ಎಳೆಯೋರು ನೂರು. ಉಳಿದೋರೆಲ್ಲ ಮಿಣೀಗೆ ಜೋತು ಬಿದ್ದಿರ್ತಾರೆ. ತೇರೇ ಅವರನ್ನ ಎಳ್ಕೊಂಡು ಹೋಗ್ತೈತಿ."

ಲೇತ್ ಮೇಲೆ ಹಾಗೆ ಜೋತು ಬೀಳಲು ಬರುವುದಿಲ್ಲವಂತೆ. ಒಂದು ಮಿಷನ್ನು, ಒಬ್ಬ ಮನುಷ್ಯ, ಅವನ ಹೆಸರಿನ ಕಾರ್ಡು. ಸಂಜೆ ಹೊತ್ತಿಗೆ ಎಷ್ಟು ಪೀಸು ಆಯಿತು, ಎಷ್ಟು ಕೆಟ್ಟಿತು ಎಲ್ಲ ಅದರಲ್ಲೇ ಇರುತ್ತದೆ. ಅಮೆರಿಕದ ಲತಾನೆ ಮತ್ತು ಅವನ ಗೆಳೆಯರು ಹುಡುಗರನ್ನು ಕೂಗಲು, ಚಪ್ಪಾಳೆ ಹೊಡೆಯಲು ಹಚ್ಚಿ ಇದನ್ನೇ ಕಂಡುಕೊಂಡರು. ಗುಂಪಿನಲ್ಲಿ ಕೂಗು ಇಳಿಯುತ್ತದೆ, ನಿನ್ನ ಕೂಗು ಬೇರೆಯಾಗಿ ಅಳತೆಗೆ ಸಿಗುತ್ತದೆ ಅಂದರೆ ಗಂಟಲು ತಾನಾಗಿ ತೆರೆಯುತ್ತದೆ. ಯಜಮಾನರಿಗೆ ಇದು ಕಾರ್ಖಾನೆ ಸೇರಿದ ವಾರವೇ ತಿಳಿದಿತ್ತು. "ಅದಕ್ಕೆಲ್ಲ ಚಪ್ಪಾಳೆ ಯಾಕ್ರೀ ಹೊಡೆಸ್ಬೇಕಿತ್ತು?" ಅಂತ ನಕ್ಕರು.

ಬೀದಿ ಟ್ರಾನ್ಸ್‌ಫಾರ್ಮರಿನಲ್ಲಿ ಕಿಡಿ ಹಾರುವಾಗ ಎಲ್ಲರೂ ಗೇಟಿಗೆ ಬಂದು ನಿಂತು, ಯಾರೋ ಫೋನ್ ಮಾಡಿರ್ತಾರೆ ಬಿಡಿ ಅಂತ ಒಳಗೆ ಹೋಗುವುದೂ ಇದೇ ಜಾತಿಯದು. 1968ರಲ್ಲಿ ಇದೇ ಲತಾನೆ, ಡಾರ್ಲಿ ಜೊತೆ ಸೇರಿ ಒಂದು ಕೋಣೆಯೊಳಗೆ ಹೊಗೆ ಬಿಟ್ಟು ನೋಡಿದ. ಒಬ್ಬನೇ ಕೂತವರಲ್ಲಿ ನೂರಕ್ಕೆ ಎಪ್ಪತ್ತೈದು ಜನ ಎದ್ದು ಹೋಗಿ ತಿಳಿಸಿದರು. ಪಕ್ಕದಲ್ಲಿ ಇಬ್ಬರು ಸುಮ್ಮನೆ ಕೂತಿದ್ದರೆ ಎದ್ದವರು ಹತ್ತೇ ಜನ. ಹೈವೇಯಲ್ಲಿ ಗಾಡಿ ಮಗುಚಿ ಜನ ಸುತ್ತುಗಟ್ಟಿದಾಗ "ಯಾರಾದ್ರೂ ಫೋನ್ ಮಾಡ್ರೀ" ಅಂದರೆ ಯಾರೂ ಮಾಡುವುದಿಲ್ಲ. "ಏ ನೀಲಿ ಅಂಗಿ, ನೀನು 108ಕ್ಕೆ ಹಚ್ಚು" ಅನ್ನಬೇಕು. ನೀಲಿ ಅಂಗಿಗೆ ಆಗ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ.

ಇನ್ನು "ನಾಳೆ ಬಾ". ತೊಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ ಬರೆದಿರುತ್ತಿತ್ತಲ್ಲ, ಅದೇ. ರಾತ್ರಿ ದೆವ್ವ ಬಂದು ಗುರುತಿನವರ ದನಿಯಲ್ಲಿ ಕರೆಯುತ್ತದೆ, ಬಾಗಿಲ ಮೇಲಿನ ಬರಹ ಓದಿ ವಾಪಸು ಹೋಗುತ್ತದೆ, ಮರುದಿನವೂ ಅದೇ. ಅಷ್ಟು ಚೆನ್ನಾಗಿ ಕನ್ನಡ ಓದುವ ದೆವ್ವ ಬಾಗಿಲು ಬಾಗಿಲಿಗೂ ಒಂದೇ ಮೋಸಕ್ಕೆ ಬೀಳುತ್ತದೆಯೇ ಅಂತ ಆಗ ಯಾರೂ ಕೇಳಲಿಲ್ಲ. ಯಜಮಾನರ ಮನೆ ಅಮ್ಮಾರನ್ನು ಈಚೆಗೆ ಕೇಳಿದೆ, ನೀವು ನಂಬಿದ್ದಿರಾ? "ಇಲ್ಲಪ್ಪ. ಎದುರು ಮನೇರು ಬರೆದ್ರು, ನಾವು ಬರೀದಿದ್ರೆ ಚೆಂದ ಅಲ್ಲ ಅಂತ ಸೀಮೆಸುಣ್ಣ ತಗೊಂಡೆ." ಎದುರು ಮನೆಯವರನ್ನು ಕೇಳಿದರೆ ಅವರೂ ಇವರ ಮನೆ ಕಡೆಗೇ ಬೆರಳು ತೋರಿಸಿಯಾರು. ನಂಬಿದವರು ಬೆರಳೆಣಿಕೆಯಷ್ಟು, ಎಲ್ಲರೂ ನಂಬಿದ್ದಾರೆ ಅಂತ ನಂಬಿದವರು ಬೀದಿ ತುಂಬ.

1995ರ ಸೆಪ್ಟೆಂಬರ್ 21ರಂದು ದೇಶದ ತುಂಬ ಗಣಪತಿ ಹಾಲು ಕುಡಿದಾಗಲೂ ಹೀಗೇ ಆಯಿತು. ಚಮಚದ ಅಂಚಿನಿಂದ ಹಾಲು ಕಲ್ಲಿನ ಮೇಲೆ ಹರಿದುಹೋಗುವ ಭೌತಶಾಸ್ತ್ರವನ್ನು ವಿಜ್ಞಾನಿಗಳು ವಿವರಿಸಿದರು. ಸಾಲಿನಲ್ಲಿ ನಿಂತವರಿಗೆ ಅದು ಬೇಕಿರಲಿಲ್ಲ. ಆಶ್ ಚಿಕ್ಕವನಿದ್ದಾಗಿನ ಒಂದು ಸಂಗತಿಯನ್ನು ತಾನೇ ಹೇಳಿಕೊಂಡಿದ್ದಾನೆ. ಯಹೂದಿಗಳ ಪಾಸೋವರ್ ಹಬ್ಬದ ರಾತ್ರಿ ಬಾರದ ಪ್ರವಾದಿಗೂ ಒಂದು ಲೋಟ ದ್ರಾಕ್ಷಾರಸ ಇಡುವ ಪದ್ಧತಿ. ಸರಿಯಾಗಿ ನೋಡ್ತಾ ಇರು, ಕುಡಿಯುತ್ತಾನೆ ಅಂದನಂತೆ ಚಿಕ್ಕಪ್ಪ. ಹುಡುಗ ಕಣ್ಣು ಕೀಲಿಸಿ ನೋಡಿದ. ಲೋಟದಲ್ಲಿ ಕೂದಲೆಳೆಯಷ್ಟು ಇಳಿದಂತೆ ಅವನಿಗೆ ಕಂಡಿತು. ಗೆರೆಗಳ ಪರೀಕ್ಷೆ ಮಾಡಿದವನ ಕಣ್ಣಿಗೇ ಹೀಗಾದರೆ ನಮ್ಮದೇನು.

ಗಾಳಿಮಾತಿನ ಶಾಸ್ತ್ರಕ್ಕೆ ನಮ್ಮ ದೇಶದ ಕಾಣಿಕೆ ದೊಡ್ಡದು. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾಯಿತು. ನೆಲ ನಡುಗಿದರೂ ಏನೂ ಹಾನಿಯಾಗದ ಊರುಗಳ ಗಾಳಿಮಾತುಗಳನ್ನು ಜಮುನಾ ಪ್ರಸಾದ್ ಎಂಬ ಸಂಶೋಧಕರು ಕಲೆಹಾಕಿದರು. ಆ ಊರುಗಳಲ್ಲಿ, ಇನ್ನೇನು ಇದಕ್ಕಿಂತ ಭಾರಿ ಕಂಪನ ಬರುತ್ತದೆ, ಪ್ರಳಯ ಬರುತ್ತದೆ ಅನ್ನುವ ಸುದ್ದಿ ಹಬ್ಬಿತ್ತು. ಹೆದರಿದವರು ಇನ್ನೂ ಹೆದರಿಸುವ ಸುದ್ದಿಯನ್ನೇ ಯಾಕೆ ಹಬ್ಬಿಸಿದರು ಅನ್ನುವುದು ಲಿಯಾನ್ ಫೆಸ್ಟಿಂಗರ್ ಎಂಬ ಅಮೆರಿಕದವನ ತಲೆ ಕೊರೆಯಿತು. ಒಳಗೆ ಹೆದರಿಕೆ ಇದೆ, ಹೊರಗೆ ಅದಕ್ಕೆ ಕಾರಣ ಕಾಣದು, ಅದಕ್ಕೇ ಕಾರಣವನ್ನು ಕಟ್ಟಿಕೊಂಡರು ಅನ್ನುವುದು ಅವನಿಗೆ ಹೊಳೆದದ್ದು. 1957ರಲ್ಲಿ ಅವನು ಬರೆದ ಪುಸ್ತಕ ಈ ಶಾಸ್ತ್ರದ ದಿಕ್ಕನ್ನೇ ಬದಲಿಸಿತು, ಅದರ ಒಂದು ಬೇರು ಬಿಹಾರದ ಊರುಗಳಲ್ಲಿದೆ.

ಇದು ನಗುವ ವಿಷಯ ಅಲ್ಲದೆ ಹೋದದ್ದು 2018ರಲ್ಲಿ. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ಸುದ್ದಿ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಜೊತೆಯವನು ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಅನ್ನುವುದಕ್ಕೆ ಹೈದರಾಬಾದಿನ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕಲು ಹೊರಟಿತು. ಒಂದು ಬೀದಿ ಬಗ್ಗಲು ಮೂರು ನಾಲ್ಕು ಜನ ಸಾಕಾಗಿರುವಾಗ ಐದು ಕಡಿಮೆಯೇನಲ್ಲ. ಆ ಸಂಜೆ ಮುರ್ಕಿಯ ಗುಂಪಿನೊಳಗೆ "ಯಾಕೋ ಹಂಗೆ ಕಾಣಲಿಲ್ಲಪ್ಪ" ಅಂತ ಮನಸ್ಸಿನಲ್ಲೇ ಅಂದುಕೊಂಡವರು ಇರಲಿಲ್ಲವೇ ಅಂತ ನಾನು ಯೋಚಿಸುತ್ತಿರುತ್ತೇನೆ.

ಮಾತು ಭಾರವಾದಾಗ ಯಜಮಾನರು ಹರಿಹರಕ್ಕೆ ಹೋಗುತ್ತಾರೆ. ನಾನು ದಾವಣಗೆರೆ ಪರ ನಿಲ್ಲಬೇಕಾಗುತ್ತದೆ, ಇಲ್ಲದಿದ್ದರೆ ಅವರಿಗೆ ರುಚಿಸುವುದಿಲ್ಲ. ನಮ್ಮದು ಜಿಲ್ಲಾ ಕೇಂದ್ರ ಅಂತ ನಾನು, ನಿಮ್ಮದು ನಿನ್ನೆ ಮೊನ್ನೆ 1997ರದ್ದು, ನಮ್ಮ ಗುಡಿ ಹೊಯ್ಸಳರ ಕಾಲದ್ದು ಅಂತ ಅವರು. ನಮ್ಮ ಬೆಣ್ಣೆ ದೋಸೆ ಬೆಂಗಳೂರು ತನಕ ಹೋಗಿದೆ ಅಂತ ನಾನು. "ಹೋಗ್ಲಿ ಬಿಡ್ರಿ, ನಿಮ್ಮ ದೋಸೆ ಅಕ್ಕಿ ನೆನಸಾಕೂ ರಾಜನಹಳ್ಳಿಯಿಂದ ನಮ್ಮ ಹೊಳೆ ನೀರೇ ಬರಬೇಕು" ಅಂತ ಅವರು. ಎರಡೂ ಊರಿಗೆ ಹದಿನಾಲ್ಕು ಕಿಲೋಮೀಟರ್ ದೂರ, ಒಂದೇ ನಗರಾಭಿವೃದ್ಧಿ ಪ್ರಾಧಿಕಾರ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹೆನ್ರಿ ತಾಜ್‌ಫೆಲ್ ಶಾಲೆ ಹುಡುಗರಿಗೆ ಇಬ್ಬರು ಕಲಾವಿದರ ಚಿತ್ರ ತೋರಿಸಿ, ನೀನು ಇವನ ಕಡೆ, ನೀನು ಅವನ ಕಡೆ ಅಂತ ಸುಮ್ಮನೆ ಚೀಟಿ ಎತ್ತಿದ ಹಾಗೆ ಪಾಲು ಮಾಡಿದ. ಅಷ್ಟಕ್ಕೇ ಹುಡುಗರು ದುಡ್ಡು ಹಂಚುವಾಗ ತಮ್ಮ ಕಡೆಯವರಿಗೆ ವಾಲಿದರು. ತಮ್ಮವರಿಗೆ ಹೆಚ್ಚು ಸಿಗುವುದಕ್ಕಿಂತ ಆಚೆ ಕಡೆಯವರಿಗಿಂತ ಹೆಚ್ಚು ಸಿಗುವುದು ಅವರಿಗೆ ಮುಖ್ಯವಾಗಿತ್ತು. ಹುಡುಗರೇ ಹೀಗಾದರೆ ನಾವು ಮುದುಕರು ಜಗಳ ಕಾಯುವುದರಲ್ಲಿ ತಪ್ಪಿಲ್ಲ. ಇದಕ್ಕೆ ಮದ್ದು ಏನು ಅನ್ನುವುದನ್ನು 1954ರಲ್ಲಿ ಮುಜಫರ್ ಶೆರೀಫ್ ಒಕ್ಲಹೋಮದ ಬೇಸಿಗೆ ಶಿಬಿರದಲ್ಲಿ ಹುಡುಕಿದ. ಎರಡು ತಂಡಗಳ ಹುಡುಗರು ಬಾವುಟ ಸುಡುವ ತನಕ ಜಗಳವಾಡಿದರು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ತಟ್ಟೆಯಲ್ಲಿದ್ದದ್ದನ್ನೇ ಎಸೆದಾಡಿದರು. ಶಿಬಿರಕ್ಕೆ ನೀರು ಬರುವುದು ನಿಂತಾಗ ಇಬ್ಬರೂ ಸೇರಿ ಟ್ಯಾಂಕಿನ ಹತ್ತಿರ ಹೋದರು. ಅಂಥ ಕೆಲಸ ನಾಲ್ಕಾರು ಆದ ಮೇಲೆ ಸ್ನೇಹವಾಯಿತು. ಯಜಮಾನರಿಗೆ ಈ ಕಥೆ ಬಹಳ ಹಿಡಿಸಿತು, ಅದರಲ್ಲಿ ನೀರು ಬಂತಲ್ಲ. ಅವರ ಹರಿಹರೇಶ್ವರನದು ಅರ್ಧ ಹರಿ, ಅರ್ಧ ಹರನ ಒಂದೇ ವಿಗ್ರಹ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಗುಡಿ ಕಟ್ಟಿಸಿದ. ಎರಡು ಗುಂಪಿನವರೂ ಒಂದೇ ಕಡೆ ಕೈ ಮುಗಿಯಲಿ ಅನ್ನುವ ಉಪಾಯ ಶೆರೀಫನದಕ್ಕಿಂತ ಏಳುನೂರು ವರ್ಷ ಹಳೆಯದು. ನೀರಿನ ಟ್ಯಾಂಕಿನಷ್ಟು ಬೇಗ ಕೆಲಸ ಮಾಡಲಿಲ್ಲ, ಅದು ಬೇರೆ.

ಗುಂಪು ಅಂದರೆ ಮರುಳು ಅಂತ ದೊಡ್ಡ ದನಿಯಲ್ಲಿ ಬರೆದವನು ಫ್ರಾನ್ಸಿನ ಗುಸ್ತಾವ್ ಲೆ ಬಾನ್, 1895ರಲ್ಲಿ. ಜನ ಮರುಳೋ ಜಾತ್ರೆ ಮರುಳೋ ಅನ್ನುವ ನಮಗೂ ಅವನ ಮಾತು ಹಿತವಾಗಿ ಕೇಳುತ್ತದೆ. ಆದರೆ ಪ್ರಯಾಗದ ಮಾಘ ಮೇಳದಲ್ಲಿ ಕೂತು ಅಧ್ಯಯನ ಮಾಡಿದ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಬೇರೆ ಹೇಳುತ್ತಾರೆ. ಒಂದು ತಿಂಗಳು ಚಳಿಯಲ್ಲಿ, ಡೇರೆಯಲ್ಲಿ, ಹಗಲು ರಾತ್ರಿ ಮೈಕಿನ ಗದ್ದಲದಲ್ಲಿ ಇರುವ ಕಲ್ಪವಾಸಿಗಳನ್ನು ಮೇಳಕ್ಕೆ ಮುಂಚೆ ಮತ್ತು ಆಮೇಲೆ ವಿಚಾರಿಸಿದರು. ಹೋಗದೆ ಊರಲ್ಲೇ ಉಳಿದವರನ್ನೂ ವಿಚಾರಿಸಿದರು. ಹೋಗಿ ಬಂದವರೇ ತಮ್ಮ ಆರೋಗ್ಯ ಸುಧಾರಿಸಿದೆ ಅಂದದ್ದು, 2012ರಲ್ಲಿ ಅದು ಪ್ರಕಟವಾಯಿತು. ಗದ್ದಲದ್ದೂ ಸೋಜಿಗ. ಒಂದೇ ಧ್ವನಿಯನ್ನು ಪೇಟೆಯದ್ದು ಅಂದರೆ ಬೇಸರಪಟ್ಟರು, ಮೇಳದ್ದು ಅಂದರೆ ಕೂತು ಕೇಳಿದರು.

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ವಾರ ಮನೆ ಮುಂದೆ ಕಟ್ಟುವ ಮೈಕನ್ನು ಬೇರೆ ಯಾವ ದಿನ ಕಟ್ಟಿದರೂ ಯಜಮಾನರು ಪೊಲೀಸರಿಗೆ ಫೋನ್ ಮಾಡಿಯಾರು. ಆ ವಾರ ಮಾತ್ರ ದನಿ ಸಾಲದು ಅನ್ನುತ್ತಾರೆ. ಅಷ್ಟು ಹೊತ್ತು ಬಟ್ಟೆ ಒಣಹಾಕುತ್ತಾ ಕೇಳುತ್ತಿದ್ದ ಅಮ್ಮಾರು, "ಜಾತ್ರಿ ವಾರ ನನ್ನ ಮೊಣಕಾಲು ನೋಯೋದೇ ಇಲ್ಲ ನೋಡ್ರಿ ಮೇಷ್ಟ್ರೇ" ಅಂದರು.

"ಆ ವಾರ ನೋವು ಅಂತ ಕೂರಾಕೆ ನಿನಗೆ ಪುರಸೊತ್ತೆಲ್ಲಿ ಇರ್ತೈತಿ? ಮೂವತ್ತು ಜನಕ್ಕೆ ಬೇಯಿಸ್ಬೇಕು" ಅಂದರು ಯಜಮಾನರು.

"ಪುರಸೊತ್ತಿಲ್ಲದ್ದಕ್ಕೇ ನೋಯ್ಲಿಲ್ಲ ಅಂತ ಇಟ್ಕೊಳ್ರಿ. ಅದು ಮೊಣಕಾಲಿಗೇನು ಗೊತ್ತು?" ಅಂತ ಅಮ್ಮಾರು ಬಕೆಟ್ಟು ಎತ್ತಿಕೊಂಡು ಒಳಗೆ ಹೋದರು.